ಮಗಳು ಅಲಾಸ್ಕಾದಲ್ಲಿ ಸ್ಲೆಡ್ (ಹಿಮಬಂಡಿ) ಎಳೆಯುವ ನಾಯಿಗಳನ್ನು ಸಾಕುವ ಕೆನಲ್‌ಗೆ ಕೆಲಸಕ್ಕೆ ಹೋಗುತ್ತಾಳಂತೆ. ಅಲ್ಲಿನ ಬದುಕು ಹೇಗೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾವು ಸಿಯಾಟಲ್‌ನಲ್ಲಿದ್ದೇವೆ. ಮಗಳು ಈ ವರ್ಷ ಕಾಲೇಜು ಮುಗಿಸಿದಳು. ಕೆಲಸ ಹುಡುಕುವ ಮೊದಲು ಒಂದು ಚಳಿಗಾಲ ಅಲಾಸ್ಕಾದಲ್ಲಿ ಹ್ಯಾಂಡ್ಲರ್, ಅಂದರೆ ನಾಯಿಗಳನ್ನು ನೋಡಿಕೊಳ್ಳುವ ಸಹಾಯಕಿ, ಆಗಿರುತ್ತೇನೆ ಅನ್ನುತ್ತಿದ್ದಾಳೆ. ಇಡಿಟರಾಡ್ ಅನ್ನುವ ಅಲಾಸ್ಕಾದ ದೊಡ್ಡ ನಾಯಿಬಂಡಿ ಓಟದಲ್ಲಿ ಓಡುವ ಒಂದು ಕುಟುಂಬದ ಕೆನಲ್ ಅಂತೆ. ಊಟ, ವಸತಿ ಅವರದು. ಸಂಬಳ ಹೆಸರಿಗೆ ಮಾತ್ರ. ಅವಳ ಅಮ್ಮನಿಗೆ ನಿದ್ದೆ ಇಲ್ಲ. ನಾನು ಬೇಡ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ. ಹಿಮದಲ್ಲಿ ನಾಯಿಗಳ ಜೊತೆ 1,600 ಕಿಲೋಮೀಟರ್ ಹೋಗುವವರ ಮನೆ ಹೇಗಿರುತ್ತದೆ? ಹತ್ತಿರದಿಂದ ಕಂಡವರು ಇದ್ದರೆ ದಯವಿಟ್ಟು ಹೇಳಿ.

ಹೊಳೆಬದಿ:

ನನಗೆ ಈ ಓಟವೇ ಸರಿ ಅನ್ನಿಸುವುದಿಲ್ಲ ಸರ್. 2024ರಲ್ಲಿ ಓಟದ ನಡುವೆಯೇ 3 ನಾಯಿಗಳು ಸತ್ತವು. ಮಗಳಿಗೆ ನಾಯಿ ಇಷ್ಟ ಅಂದರೆ ಅದನ್ನೂ ಅವಳು ತಿಳಿದುಕೊಂಡು ಹೋಗಲಿ.

ಸಾಗರದವಳು:

ನಾನು ಸಾಗರದ ಕಡೆಯವಳು. ಈಗ ಇರುವುದು ಫೇರ್‌ಬ್ಯಾಂಕ್ಸ್ ಪಕ್ಕದ ಟೂ ರಿವರ್ಸ್‌ನಲ್ಲಿ. ಆಸ್ಪತ್ರೆಯಲ್ಲಿ ನರ್ಸ್. ನನ್ನ ಗಂಡ ಇಲ್ಲಿನವರೇ, ಮಷರ್, ಅಂದರೆ ನಾಯಿಬಂಡಿ ಓಡಿಸುವವರು. ಇಬ್ಬರು ಮಕ್ಕಳು, 40ರ ಹತ್ತಿರ ನಾಯಿಗಳು. ಇಡಿಟರಾಡ್‌ನಲ್ಲಿ ಅವರು ಸಾಮಾನ್ಯವಾಗಿ ನಡುಗುಂಪಿನಲ್ಲಿ ಬರುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಕೊಡಬಲ್ಲೆ.

ಎಲ್ಲರೂ ಕೇಳುವುದು ಮಾರ್ಚ್‌ನ ಓಟದ ಬಗ್ಗೆ. ಅಲ್ಲಿ ಕಷ್ಟ ಇಲ್ಲ ಅಂತಲ್ಲ. ನಾಯಿಗಳು ಐದಾರು ಗಂಟೆ ಹುಲ್ಲಿನ ಮೇಲೆ ಮಲಗುತ್ತವೆ. ಆ ಹೊತ್ತಿನಲ್ಲಿ ಮಷರ್ ಹಿಮ ಕರಗಿಸಿ ನೀರು ಕಾಯಿಸಬೇಕು, ಊಟ ಹಾಕಬೇಕು, ಒಂದೊಂದು ಪಾದವನ್ನೂ ನೋಡಿ ಮುಲಾಮು ಹಚ್ಚಬೇಕು. ಅವರಿಗೆ ಸಿಗುವುದು ಒಂದೆರಡು ಗಂಟೆ ನಿದ್ದೆ. ನಾಲ್ಕನೇ ರಾತ್ರಿಯ ಹೊತ್ತಿಗೆ ಇಲ್ಲದ ಮನುಷ್ಯರು, ಇಲ್ಲದ ಮನೆಗಳು ಕಣ್ಣಿಗೆ ಕಾಣುತ್ತವೆ.

ಆದರೆ ಕುಟುಂಬಕ್ಕೆ ಕಷ್ಟ ಆಗಸ್ಟ್‌ನಲ್ಲೇ ಶುರುವಾಗುತ್ತದೆ. ಆಗ ಹಿಮ ಇರುವುದಿಲ್ಲ. ನಾಲ್ಕು ಚಕ್ರದ ಎಟಿವಿಗೆ ನಾಯಿಗಳನ್ನು ಕಟ್ಟಿ ಮಣ್ಣು ದಾರಿಯಲ್ಲಿ ಓಡಿಸುತ್ತಾರೆ. ಡಿಸೆಂಬರ್ ಬಂತು ಅಂದರೆ ರಾತ್ರಿಯಿಡೀ ಹೊರಗೆ, ಹಗಲು ನಿದ್ದೆ. ಮಕ್ಕಳ ಸ್ಕೂಲ್ ಕಾರ್ಯಕ್ರಮ, ಹುಟ್ಟುಹಬ್ಬ, ಎಲ್ಲವೂ ತರಬೇತಿಯ ಸಂದಿನಲ್ಲಿ ಸಿಕ್ಕರೆ ಉಂಟು. ಊರಿಗೆ ಇಬ್ಬರೂ ಒಟ್ಟಿಗೆ ಬರಲು ಆಗುವುದಿಲ್ಲ. ನಾಯಿಗಳನ್ನು ಯಾರ ಕೈಗೆ ಕೊಡುವುದು? ಅಪ್ಪನ ತಿಥಿಗೆ ನಾನೊಬ್ಬಳೇ ಮಕ್ಕಳನ್ನು ಕರೆದುಕೊಂಡು ಬಂದೆ.

ದುಡ್ಡಿನ ಮಾತು ಹೇಳಲೇಬೇಕು. 2024, 2025ರಲ್ಲಿ ಗೆದ್ದವರಿಗೇ ಸಿಕ್ಕಿದ್ದು 55 ಸಾವಿರ ಡಾಲರ್ ಆಸುಪಾಸು. ನಡುಗುಂಪಿನವರ ಬಹುಮಾನ ನಾಯಿಗಳ ಊಟಕ್ಕೂ ಸಾಲದು. ಹಾಗಾಗಿ ಇಂಥ ಎಷ್ಟೋ ಮನೆಗಳಲ್ಲಿ ಒಬ್ಬರು ತಿಂಗಳ ಸಂಬಳ, ಇನ್ಶೂರೆನ್ಸ್ ಇರುವ ಕೆಲಸ ಮಾಡುತ್ತಾರೆ. ನಮ್ಮಲ್ಲಿ ಅದು ನಾನು.

ನಿಮ್ಮ ಮಗಳು ಹೆಚ್ಚು ದುಡಿಯುವುದು ಚೀಲ ಕಟ್ಟುವಾಗ. ಓಟದ ದಾರಿಯಲ್ಲಿ 20ಕ್ಕಿಂತ ಜಾಸ್ತಿ ಚೆಕ್‌ಪಾಯಿಂಟ್‌ಗಳಿವೆ, ಹೆಚ್ಚಿನವಕ್ಕೆ ರಸ್ತೆಯೇ ಇಲ್ಲ. ಬೇಕಾದ ಸಾಮಾನು ವಾರಗಳ ಮೊದಲೇ ವಿಮಾನದಲ್ಲಿ ಹೋಗಬೇಕು. ಓಡುವ ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕು. ಮಾಂಸ, ಕೊಬ್ಬು, ಸಾಲ್ಮನ್ ಮೀನು ಎಲ್ಲ ಕಲ್ಲಿನಂತೆ ಹೆಪ್ಪುಗಟ್ಟಿರುತ್ತವೆ, ಗರಗಸದಲ್ಲಿ ಕೊಯ್ಯಬೇಕು. ಬೂಟಿ ಅಂತ ಪಾದಕ್ಕೆ ಹಾಕುವ ಬಟ್ಟೆ ಚೀಲಗಳು, ಒಂದು ಓಟಕ್ಕೆ ಸಾವಿರಕ್ಕೂ ಜಾಸ್ತಿ. ಅವನ್ನು ಎಣಿಸಿ ಕಟ್ಟು ಕಟ್ಟಬೇಕು. ಒಣ ಕೈಗವಸು, ಬ್ಯಾಟರಿ, ಮನುಷ್ಯರ ಊಟ. ಒಂದು ಚೀಲದಲ್ಲಿ ಏನಾದರೂ ಬಿಟ್ಟುಹೋದರೆ ಅಲ್ಲಿ ಅಂಗಡಿ ಇಲ್ಲ. ನಾನು ನೈಟ್ ಶಿಫ್ಟ್ ಮುಗಿಸಿ ಬಂದು ಗ್ಯಾರೇಜಿನಲ್ಲಿ ಚೀಲಗಳ ಮೇಲೆ ಹೆಸರು ಬರೆಯುತ್ತೇನೆ. ಮಕ್ಕಳು ಬೂಟಿ ಎಣಿಸುತ್ತಾರೆ.

ಆಮೇಲೆ ಕಾಯುವ ದಿನಗಳು. ಸ್ಲೆಡ್‌ನಲ್ಲಿ ಜಿಪಿಎಸ್ ಇರುತ್ತದೆ, ಮನೆಯಲ್ಲಿ ಕೂತು ಚುಕ್ಕೆ ನೋಡಬಹುದು. ಷಾಕ್ಟೂಲಿಕ್ ಅನ್ನುವ ಹಳ್ಳಿ ಬಿಟ್ಟರೆ ಮುಂದಿನ ಹಳ್ಳಿ ಕೊಯುಕ್‌ವರೆಗೆ ನಾರ್ಟನ್ ಸೌಂಡ್‌ನ ಹೆಪ್ಪುಗಟ್ಟಿದ ಸಮುದ್ರ. ಗಾಳಿಗೆ ಅಡ್ಡವಾಗಿ ಒಂದು ಮರವೂ ಇಲ್ಲ. ಅಲ್ಲಿ ಚುಕ್ಕೆ ನಿಂತುಬಿಟ್ಟರೆ ಮಗ ಕೇಳುತ್ತಾನೆ, “ಅಮ್ಮಾ, ಅಪ್ಪ ಯಾಕೆ ಅಲ್ಲಾಡ್ತಿಲ್ಲ?” ನಾಯಿಗಳಿಗೆ ತಿನ್ನಿಸುತ್ತಿರಬಹುದು ಅನ್ನುತ್ತೇನೆ. ಬಹಳ ಸಲ ಅದು ನಿಜವೂ ಹೌದು. ಆದರೆ 2022ರಲ್ಲಿ ಓಟ ಮುಗಿಯುವ ನೋಮ್ ಪಟ್ಟಣ ಇನ್ನೇನು ಸಿಕ್ಕಿತು ಅನ್ನುವಷ್ಟು ಹತ್ತಿರದಲ್ಲಿ ಬಿರುಗಾಳಿಗೆ ಸಿಕ್ಕಿ ಹಲವರು ಓಟ ಬಿಡಬೇಕಾಯಿತು, ಕೆಲವರನ್ನು ಹೋಗಿ ಕರೆತಂದರು. ಅಡುಗೆ ಮಾಡುವಾಗ ಅದು ನೆನಪಾಗದೆ ಇರುವುದಿಲ್ಲ ಅಲ್ವಾ?

ಸೂಸನ್ ಬುಚರ್ ಹೆಸರು ನಿಮ್ಮ ಮಗಳು ಕೇಳಿರುತ್ತಾಳೆ. 1986, 1987, 1988, 1990, ನಾಲ್ಕು ಸಲ ಗೆದ್ದವರು. ಗಂಡ ಡೇವಿಡ್ ಮಾನ್ಸನ್ ಕೂಡ ಮಷರ್. ಮಕ್ಕಳು ಬೇಕು ಅಂತ 90ರ ದಶಕದ ನಡುವಿನಲ್ಲಿ ಸೂಸನ್ ಈ ಓಟ ಬಿಟ್ಟರು. ಇಬ್ಬರು ಹೆಣ್ಣುಮಕ್ಕಳಾದರು. 2006ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡಾಗ ಅವರಿಗೆ 51 ವರ್ಷ. ಇನ್ನೊಂದು ಕಡೆ ಸೀವಿ ಮನೆತನ. ಅಜ್ಜ ಡ್ಯಾನ್ 1973ರ ಮೊದಲ ಓಟದಲ್ಲೇ ಇದ್ದರು. ಮಗ ಮಿಚ್ 3 ಸಲ ಗೆದ್ದರು, ಮೊಮ್ಮಗ ಡಲ್ಲಾಸ್ 6 ಸಲ. 2017ರಲ್ಲಂತೂ ಅಪ್ಪ ಮೊದಲು, ಮಗ ಎರಡನೆಯವರು. ನನಗೆ ಅವರ ಮೇಲೆ ಗೌರವವಿದೆ. ಆದರೂ ಮಕ್ಕಳಾದ ಮೇಲೆ ಓಟ ಬಿಡುತ್ತೀರಾ ಅಂತ ನನ್ನ ಗಂಡನನ್ನು ಯಾರೂ ಕೇಳಿದ್ದು ನಾನು ನೋಡಿಲ್ಲ. ಹೆಣ್ಣಾದರೆ ಮೊದಲು ಬರುವ ಪ್ರಶ್ನೆಯೇ ಅದು. ಮನೆಯಲ್ಲಿ ಒಬ್ಬರು ನಿಂತರೆ ಮಾತ್ರ ಇನ್ನೊಬ್ಬರು ನೋಮ್‌ಗೆ ಹೋಗಬಹುದು.

@ಹೊಳೆಬದಿ, ನೀವು ಹೇಳಿದ್ದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಚೆಕ್‌ಪಾಯಿಂಟ್‌ಗಳಲ್ಲಿ ಪಶುವೈದ್ಯರು ಇರುತ್ತಾರೆ. ದಣಿದ ನಾಯಿಯನ್ನು ಅಲ್ಲೇ ಬಿಟ್ಟರೆ ಸ್ವಯಂಸೇವಕ ಪೈಲಟ್‌ಗಳು ಹಿಂದಕ್ಕೆ ತರುತ್ತಾರೆ. ಅಷ್ಟಾದರೂ ಸಾವು ಆಗುತ್ತವೆ. ನಮ್ಮ ಮನೆಯಲ್ಲಿ ಆ ಸುದ್ದಿ ಬಂದ ದಿನ ಯಾರಿಗೂ ಊಟ ಸೇರುವುದಿಲ್ಲ.

ತುಂಗಾತೀರ:

ಮೇಡಂ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಹೆಂಡತಿಗೆ ಓದಿ ಹೇಳಿದೆ. ಅವಳ ಎರಡು ಪ್ರಶ್ನೆ. ನಾವು ಸಸ್ಯಾಹಾರಿಗಳು, ಮಗಳು ಮಾಂಸ ಕೊಯ್ಯಬೇಕಾಗುತ್ತದಾ? ಆ ಮನೆಯವರನ್ನು ನಾವು ಮೊದಲೇ ಏನು ಕೇಳಬೇಕು?

ಸಾಗರದವಳು:

ಕೊಯ್ಯಬೇಕಾಗುತ್ತದೆ ಸರ್. ನಾನೂ ಮಾಂಸ ತಿನ್ನುವುದಿಲ್ಲ, ಆದರೆ ದಿನಾ ಮುಟ್ಟುತ್ತೇನೆ. ಅದು ಆಗುವುದಿಲ್ಲ ಅಂದರೆ ಅವಳು ಈಗಲೇ ಹೇಳಲಿ, ಜನವರಿಯಲ್ಲಿ ಅಲ್ಲ.

ಕೇಳಬೇಕಾದ್ದು: ಅವಳು ಮಲಗುವುದು ಎಲ್ಲಿ? ಈ ಕಡೆ ನಲ್ಲಿ ನೀರಿಲ್ಲದ ಕ್ಯಾಬಿನ್‌ಗಳು ಸಾಮಾನ್ಯ, ಪಾಯಿಖಾನೆ ಹೊರಗೆ, ಮೈನಸ್ 40ರಲ್ಲೂ ಅಷ್ಟೇ. ಒಲೆಗೆ ಸೌದೆ ಯಾರು ಒಡೆಯುತ್ತಾರೆ? ವಾರಕ್ಕೆ ಒಂದು ದಿನ ರಜೆ ಇದೆಯಾ? ಹಿಮದ ರಸ್ತೆಯಲ್ಲಿ ನಾಯಿ ತುಂಬಿದ ಟ್ರಕ್ ಓಡಿಸಬೇಕಾ? ಗಾಯವಾದರೆ ಆಸ್ಪತ್ರೆಯ ಬಿಲ್ ಯಾರದು? ಹಿಂದಿನ ಇಬ್ಬರು ಹ್ಯಾಂಡ್ಲರ್‌ಗಳ ನಂಬರ್ ಕೊಡುತ್ತೀರಾ? ಕೊನೆಯದನ್ನು ಬಿಡಬೇಡಿ. ಕೊಡಲು ಹಿಂದೇಟು ಹಾಕುವ ಕಡೆ ಕಳಿಸಬೇಡಿ.

ಮನೆಯಾಕೆಯ ಜೊತೆಗೂ ಮಾತಾಡಿಸಿ, ಮಷರ್ ಒಬ್ಬರ ಜೊತೆ ಮಾತ್ರ ಅಲ್ಲ. ಬೆಳಿಗ್ಗೆ ನಾಯಿಗಳ ಕೊಟ್ಟಿಗೆ ಚೊಕ್ಕ ಮಾಡುವುದು, ನೀರು ಹಾಕುವುದು, ಮರಿ ನೋಡುವುದು, ಇದರಲ್ಲೆಲ್ಲ ಅವಳ ಜೊತೆಗಿರುವವರು ಆಕೆಯೇ.

ನಮ್ಮಲ್ಲಿ ಕೆಲಸ ಮಾಡಿದ ಒಬ್ಬ ಹುಡುಗಿ ಈಗ ಪಶುವೈದ್ಯಕೀಯ ಓದುತ್ತಿದ್ದಾಳೆ. ಇನ್ನೊಬ್ಬ ಹುಡುಗ ನವೆಂಬರ್‌ನಲ್ಲೇ ವಾಪಸ್ ಹೋದ. ಇಬ್ಬರೂ ಒಳ್ಳೆಯ ಮಕ್ಕಳೇ.

ಹೊಳೆಬದಿ:

ಸಾಗರದ ಅಕ್ಕ, ಮುದಿಯಾದ ನಾಯಿಗಳನ್ನು ಏನು ಮಾಡುತ್ತೀರಿ?

ಸಾಗರದವಳು:

ಕೆಲವನ್ನು ಗೊತ್ತಿರುವ ಮನೆಗಳಿಗೆ ಕೊಡುತ್ತೇವೆ. ಉಳಿದವು ನಮ್ಮಲ್ಲೇ, ಮನೆಯೊಳಗೆ. ಇದನ್ನೂ ಆ ಕೆನಲ್‌ನವರನ್ನು ಕೇಳಿ ಸರ್, ನನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳಿ. ಮಗಳು ಫೇರ್‌ಬ್ಯಾಂಕ್ಸ್ ಕಡೆಗೇ ಬರುವುದಾದರೆ ನನಗೆ ಖಾಸಗಿ ಸಂದೇಶ ಹಾಕಿ. ಭಾನುವಾರ ಊಟಕ್ಕೆ ಬರಲಿ, ಅನ್ನ ಸಾರು ಇರುತ್ತದೆ.