ಮೈಕ್ರೋವೇವ್ ಒಳಗೆ ಕಿಡಿ ಬರ್ತಿದೆ, ಜೊತೆಗೆ ವಾಸನೆ ಬೇರೆ. ಏನು ಮಾಡೋದು?

ಬೆಣ್ಣೆದೋಸೆ_ದಾವಣಗೆರೆ:
ನಮ್ಮದು ಕನ್ವೆಕ್ಷನ್ ಮೈಕ್ರೋವೇವ್. ಕೇಕ್ ಮಾಡೋಣ ಅಂತ ತಂದದ್ದು, ಈಗ ಸಾರು, ಪಲ್ಯ, ಉಳಿದ ಅನ್ನ ಬಿಸಿ ಮಾಡುವುದಕ್ಕಷ್ಟೇ. ಒಳಗೆಲ್ಲ ಸಾಂಬಾರು ಸಿಡಿದು ಒಣಗಿ ಕೂತಿದೆ, ಹಾಲು ಬಿಸಿ ಮಾಡಿದರೂ ಇಂಗಿನ ವಾಸನೆ ಹತ್ತುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಅಂದರೆ, ಈಚೆಗೆ ಆನ್ ಮಾಡಿದ ತಕ್ಷಣ ಬಲಗಡೆ ಗೋಡೆಯಲ್ಲಿ ಚಟಚಟ ಅಂತ ಕಿಡಿ. ಒಳಗೆ ಸ್ಟೀಲ್ ಪಾತ್ರೆ ಇಟ್ಟಿರುವುದಿಲ್ಲ, ಗಾಜಿನ ಬಟ್ಟಲು ಅಷ್ಟೇ. ರಿಪೇರಿಗೆ ಬಂದವರು ಬಾಗಿಲು ತೆಗೆದು ಒಂದು ಸಲ ನೋಡಿ, ಮ್ಯಾಗ್ನೆಟ್ರಾನ್ (ಬಿಸಿ ಮಾಡುವ ಅಲೆಗಳನ್ನು ಹುಟ್ಟಿಸುವ ಭಾಗವಂತೆ) ಹೋಗಿದೆ, ಬದಲಾಯಿಸಬೇಕು ಅಂದುಬಿಟ್ಟರು. ಆದರೆ ಅನ್ನ ಮೊದಲಿನಷ್ಟೇ ಬೇಗ ಬಿಸಿಯಾಗುತ್ತಿದೆಯಲ್ಲ? ಇದರ ಮಧ್ಯೆ ನಮ್ಮತ್ತೆ, ರೇಡಿಯೇಷನ್ ಹೊರಗೆ ಸೋರುತ್ತಿದೆ ಅಂತ ಮಕ್ಕಳನ್ನು ಅಡುಗೆಮನೆ ಕಡೆಗೇ ಬಿಡುತ್ತಿಲ್ಲ. ಗೊತ್ತಿರುವವರು ಸ್ವಲ್ಪ ಹೇಳಿ.

ಸ್ಕ್ರೂಡ್ರೈವರ್:
ಅನ್ನ ಬಿಸಿಯಾಗುತ್ತಿದೆ ಅಂದರೆ ಮ್ಯಾಗ್ನೆಟ್ರಾನ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಸದ್ಯಕ್ಕೆ ದುಡ್ಡು ಕೊಡಬೇಡಿ. ನಾನು ಈ ಕೆಲಸದಲ್ಲೇ ಇರುವವನು, ಬಲಗಡೆ ಗೋಡೆಯಲ್ಲಿ ಕಿಡಿ ಅಂದ ಕೂಡಲೇ ಮೊದಲು ನೋಡುವುದು ಮೈಕಾ ಶೀಟ್. ಒಳಗಿನ ಗೋಡೆಯಲ್ಲಿ ಕಂದು ಅಥವಾ ಬೂದು ಬಣ್ಣದ, ದಪ್ಪ ರಟ್ಟಿನ ಥರದ ಒಂದು ಚೌಕ ಕಾಣುತ್ತದೆ. ಮ್ಯಾಗ್ನೆಟ್ರಾನ್‌ನಿಂದ ಅಲೆಗಳು ಒಳಗೆ ಬರುವ ದಾರಿ ಅದು. ಶೀಟ್ ಇರುವುದು ಜಿಡ್ಡು, ಹಬೆ ಆ ಕಡೆ ಹೋಗದಿರಲಿ ಅಂತ. ಸಾಂಬಾರು, ಎಣ್ಣೆ ಅದರ ಮೇಲೆ ಸಿಡಿದು ಕೂತರೆ ಪ್ರತಿ ಸಲ ಆನ್ ಮಾಡಿದಾಗಲೂ ಅಷ್ಟಷ್ಟೇ ಸುಟ್ಟು ಕಪ್ಪಾಗುತ್ತದೆ. ಆ ಕಪ್ಪು ಅಂದರೆ ಇಂಗಾಲ, ಕರೆಂಟ್ ಹರಿಯಲು ಅಷ್ಟು ಸಾಕು, ಅಲ್ಲೇ ಕಿಡಿ.

ಪ್ಲಗ್ ಕಿತ್ತು, ಒಳಗೆ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ನೋಡಿ. ಬರೀ ಜಿಡ್ಡಾದರೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಒಣಗಲು ಬಿಡಿ. ಸುಟ್ಟು ತೂತಾಗಿದ್ದರೆ ಬದಲಾಯಿಸಲೇಬೇಕು. ಒಂದು ಸ್ಕ್ರೂ ಅಥವಾ ಕ್ಲಿಪ್ ಇರುತ್ತದೆ, ಅಷ್ಟೇ. ಬಿಡಿಭಾಗದ ಅಂಗಡಿಯಲ್ಲಿ ದೊಡ್ಡ ಶೀಟೇ ಸಿಗುತ್ತದೆ, ಹಳೆಯದನ್ನು ಮೇಲಿಟ್ಟು ಪೆನ್ಸಿಲ್‌ನಲ್ಲಿ ಗುರುತು ಮಾಡಿ ಕತ್ತರಿಯಲ್ಲಿ ಕತ್ತರಿಸಿದರಾಯಿತು. ಶೀಟ್ ಇಲ್ಲದೆ ಮಾತ್ರ ಓಡಿಸಬೇಡಿ. ಹೊಸ ಶೀಟ್ ಹಾಕಿದ ಮೇಲೂ ಕಿಡಿ ಬಂದರೆ ಒಳಗಿನ ಪೇಂಟ್ ಎದ್ದು ತುಕ್ಕು ಹಿಡಿದಿದೆಯಾ ನೋಡಿ, ಹಿಡಿದಿದ್ದರೆ ಬಳಸುವುದನ್ನೇ ನಿಲ್ಲಿಸಿ.

ಮತ್ತೆ, ಹೊರಗಿನ ತಗಡಿನ ಕವರ್ ಬಿಚ್ಚುವ ಕೆಲಸಕ್ಕೆ ಕೈ ಹಾಕಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು. ಮಿಕ್ಸಿ ಬಿಚ್ಚಿ ಅಭ್ಯಾಸ ಇರುವವರೂ ಇಲ್ಲಿ ಧೈರ್ಯ ತೋರಿಸುವುದು ಬೇಡ, ಜೀವಕ್ಕೇ ಅಪಾಯ.

ಸೊಪ್ಪಿನ_ಸಾರು:
ಕ್ಲೀನಿಂಗ್ ವಿಷಯ ನಾನು ಹೇಳುತ್ತೇನೆ. ಸ್ಟೀಲ್ ಜುಂಗು ಹಾಕಿ ತಿಕ್ಕಬೇಡಿ, ಮೇಲಿನವರು ಹೇಳಿದ ಪೇಂಟ್ ಹೋಗುವುದೇ ಹಾಗೆ. ಗಾಜಿನ ಬಟ್ಟಲಲ್ಲಿ ಅರ್ಧ ನೀರು ಹಾಕಿ, ಒಂದು ನಿಂಬೆಹಣ್ಣು ಹಿಂಡಿ, ಸಿಪ್ಪೆಯನ್ನೂ ಅದರಲ್ಲೇ ಬಿಟ್ಟು ನಾಲ್ಕೈದು ನಿಮಿಷ ಓಡಿಸಿ. ನಿಂತ ಮೇಲೆ ಬಾಗಿಲು ತೆಗೆಯಬೇಡಿ! ಎಲ್ಲರೂ ಅವಸರ ಮಾಡುವುದೇ ಇಲ್ಲಿ. ಐದು ನಿಮಿಷ ಹಬೆ ಒಳಗೇ ಇರಲಿ. ಒಣಗಿದ ಬೇಳೆ ನೆನೆದು ಮೆತ್ತಗಾಗಿ, ಬಟ್ಟೆಯಲ್ಲಿ ಎಳೆದರೆ ಪದರವಾಗಿಯೇ ಎದ್ದು ಬರುತ್ತದೆ. ಹೋಗದ ಕಡೆ ಅಡುಗೆ ಸೋಡಾಕ್ಕೆ ನೀರು ಹಾಕಿ ಗಟ್ಟಿಗೆ ಕಲೆಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಅದು ಮೈಕಾ ಶೀಟಿಗೆ, ಗಾಳಿ ಹೋಗುವ ತೂತಿಗೆ ತಾಗಬಾರದು.

ತಿರುಗುವ ತಟ್ಟೆಯನ್ನು ಬಿಸಿಯಾಗಿರುವಾಗ ನಲ್ಲಿ ಕೆಳಗೆ ಹಿಡಿದರೆ ಗಾಜು ಸೀಳುತ್ತದೆ, ಆರಲಿ. ತಟ್ಟೆಯ ಕೆಳಗಿನ ಚಕ್ರದ ರಿಂಗ್ ತೆಗೆದು ನೋಡಿ, ಅರ್ಧ ವಾಸನೆ ಅಲ್ಲೇ ಇರುತ್ತದೆ. ಪ್ಲಾಸ್ಟಿಕ್ ಮುಚ್ಚಳಕ್ಕೆ ಹತ್ತಿದ ಅರಿಶಿನದ ಬಣ್ಣಕ್ಕೆ ಸೋಪು ಸುಮ್ನೆ ದಂಡ, ತೊಳೆದು ಬಿಸಿಲಿಗಿಡಿ, ತಾನೇ ಮಾಸುತ್ತದೆ. ಇನ್ನು ಮುಂದೆ ಸಾಂಬಾರು ಬಿಸಿ ಮಾಡುವಾಗ ಮುಚ್ಚಳ ಸಡಿಲವಾಗಿ ಮುಚ್ಚಿ, ಮಧ್ಯೆ ಒಂದು ಸಲ ನಿಲ್ಲಿಸಿ ಕಲಕಿ. ಈ ಅಭ್ಯಾಸ ಇದ್ದರೆ ಇಷ್ಟೆಲ್ಲ ಉಜ್ಜುವ ಕೆಲಸವೇ ಇರುವುದಿಲ್ಲ.

ಭೌತಶಾಸ್ತ್ರ_ಮೇಷ್ಟ್ರು:
ಅತ್ತೆಯವರಿಗೆ ಹೀಗೆ ಹೇಳಿ ನೋಡಿ. ಇದರ ಅಲೆಗಳು 2450 ಮೆಗಾಹರ್ಟ್ಸ್‌ನವು, ಒಂದೊಂದು ಅಲೆ ಸುಮಾರು 12 ಸೆಂಟಿಮೀಟರ್ ಉದ್ದ. ಬಾಗಿಲ ಗಾಜಿನ ಹಿಂದೆ ಕಾಣುವ ಜಾಲರಿಯ ತೂತು ಒಂದೆರಡು ಮಿಲಿಮೀಟರ್. ಬೆಳಕು ದಾಟುತ್ತದೆ, ಈ ಅಲೆ ದಾಟುವುದಿಲ್ಲ. ಎಕ್ಸ್‌ರೇ ಥರದ ರೇಡಿಯೇಷನ್ ಕೂಡ ಇದಲ್ಲ. ಬಾಗಿಲು ತೆಗೆದ ಕ್ಷಣ ಅಲೆ ನಿಲ್ಲುತ್ತದೆ, ಅನ್ನದಲ್ಲೇನೂ ಉಳಿಯುವುದಿಲ್ಲ. ಆದರೆ ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಕೂರದಿದ್ದರೆ, ಅಂಚಿನಲ್ಲಿ ಜಿಡ್ಡು ಗಟ್ಟಿಯಾಗಿದ್ದರೆ ಅತ್ತೆಯವರ ಮಾತಿನಲ್ಲೂ ಹುರುಳಿದೆ. ಬಾಗಿಲ ಸುತ್ತಿನ ಅಂಚನ್ನು ಆಗಾಗ ಒರೆಸಿ.

ನಾನು ನಿಜವಾಗಿ ಹೆದರುವುದು ಬಿಸಿನೀರಿಗೆ. ನುಣುಪಾದ ಗಾಜಿನ ಲೋಟದಲ್ಲಿ ಬರೀ ನೀರು ಜಾಸ್ತಿ ಹೊತ್ತು ಕಾಯಿಸಿದರೆ 100 ಡಿಗ್ರಿ ದಾಟಿದರೂ ಗುಳ್ಳೆಯೇ ಏಳದೆ ತೆಪ್ಪಗಿರಬಹುದು. ಕಾಫಿ ಪುಡಿ ಹಾಕಿದಿರೋ, ಒಮ್ಮೆಲೇ ಉಕ್ಕಿ ಕೈ, ಮುಖಕ್ಕೆ ಹಾರುತ್ತದೆ. ಕಾಯಿಸುವ ಮೊದಲೇ ಒಂದು ಮರದ ಚಮಚ ಇಡಿ, ಹೊರಗೆ ತೆಗೆಯುವ ಮೊದಲು ಅರ್ಧ ನಿಮಿಷ ಬಿಡಿ. ನಿಂಬೆನೀರಲ್ಲಿ ಸಿಪ್ಪೆ ಬಿಡಿ ಅಂದರಲ್ಲ, ಅದು ಈ ದೃಷ್ಟಿಯಿಂದಲೂ ಒಳ್ಳೆಯದು. ಸಿಪ್ಪೆ ಸಮೇತ ಮೊಟ್ಟೆಯಂತೂ ಇಡಲೇಬೇಡಿ, ಬೆಂದ ಮೊಟ್ಟೆಯೂ ಸಿಡಿಯುತ್ತದೆ. ಮಗುವಿನ ಹಾಲಿನ ಬಾಟಲಿಯೂ ಬೇಡ. ಬಾಟಲಿ ಉಗುರುಬೆಚ್ಚಗೆ ಅನಿಸುತ್ತದೆ, ಒಳಗಿನ ಹಾಲು ಅಲ್ಲಲ್ಲಿ ಬಾಯಿ ಸುಡುವಷ್ಟು ಬಿಸಿ ಇರುತ್ತದೆ.

ಬೆಣ್ಣೆದೋಸೆ_ದಾವಣಗೆರೆ:
ಟಾರ್ಚ್ ಹಾಕಿ ನೋಡಿದೆ. ಶೀಟಿನ ಒಂದು ಮೂಲೆ ಇದ್ದಿಲಿನ ಹಾಗೆ ಕಪ್ಪಾಗಿದೆ, ಬೆರಳು ತಾಗಿದರೆ ಉದುರುತ್ತದೆ. ಹಾಗಾದರೆ ಅದೇ ಅಲ್ವಾ? ಇನ್ನೆರಡು ಪ್ರಶ್ನೆ ಇದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಪ್ಪ ಕರಗಿಸಬಹುದಾ? ಮತ್ತೆ ಡಿಸ್‌ಪ್ಲೇ ಒಳಗೆ ಸಣ್ಣ ಜಿರಳೆ ಓಡಾಡುತ್ತಿವೆ, ಏನು ಮಾಡುವುದು?

ಸ್ಕ್ರೂಡ್ರೈವರ್:
ಅದೇ. ಶೀಟ್ ಬದಲಾಯಿಸಿ, ಅಲ್ಲಿಯವರೆಗೆ ಆನ್ ಮಾಡಬೇಡಿ.

ತುಪ್ಪಕ್ಕೆ ಪ್ಲಾಸ್ಟಿಕ್ ಬೇಡ. ಡಬ್ಬಿಯ ತಳದಲ್ಲಿ 5 ಅಂತ ಇದ್ದು ಮೈಕ್ರೋವೇವ್ ಗುರುತಿದ್ದರೆ ಅನ್ನ, ಪಲ್ಯಕ್ಕೆ ನಡೆಯುತ್ತದೆ. ಎಣ್ಣೆ, ತುಪ್ಪದ ಬಿಸಿ 100 ಡಿಗ್ರಿಯಲ್ಲಿ ನಿಲ್ಲುವುದಿಲ್ಲ, ಮೇಲೆ ಹೋಗಿ ಡಬ್ಬಿಯನ್ನೇ ಕರಗಿಸಬಹುದು. ಗಾಜಿನ ಬಟ್ಟಲಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ಕನ್ವೆಕ್ಷನ್, ಗ್ರಿಲ್‌ನಲ್ಲಿ ಯಾವ ಪ್ಲಾಸ್ಟಿಕ್ಕೂ ಬೇಡ.

ಜಿರಳೆ ಬರುವುದು ಬೆಚ್ಚಗಿನ ಜಾಗಕ್ಕೆ. ರಾತ್ರಿ ಗೋಡೆಯ ಸ್ವಿಚ್ಚೇ ಆಫ್ ಮಾಡಿ, ಪಕ್ಕದಲ್ಲಿ ಚೂರುಪಾರು ಬೀಳದ ಹಾಗೆ ನೋಡಿಕೊಳ್ಳಿ. ಓವನ್ ಒಳಗೆ, ತೂತುಗಳಿಗೆ ಸ್ಪ್ರೇ ಹೊಡೆಯಬೇಡಿ. ಜೆಲ್ ಸಿಗುತ್ತದೆ, ಅದನ್ನು ಓವನ್‌ಗೆ ಅಲ್ಲ, ಹಿಂದಿನ ಗೋಡೆಯ ಮೂಲೆಗೆ ಹಚ್ಚಿ. ಮೇಲೆ ಕಸೂತಿ ಬಟ್ಟೆ ಹೊದಿಸಿದ್ದರೆ ತೆಗೆದುಬಿಡಿ, ಗಾಳಿ ಹೋಗುವ ತೂತು ಮುಚ್ಚುತ್ತದೆ. ಪ್ಲಗ್ 16 ಆಂಪಿಯರ್ ಸಾಕೆಟ್‌ಗೇ ಹಾಕಿ, ಅರ್ಥಿಂಗ್ ಇರಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಒಳಗೆ ಏನಾದರೂ ಹೊತ್ತಿಕೊಂಡರೆ ಬಾಗಿಲು ತೆಗೆಯದೆ ಸ್ವಿಚ್ ಆಫ್ ಮಾಡಿ. ಗಾಳಿ ಸಿಗದೆ ತಾನೇ ಆರುತ್ತದೆ.