ಡಾಕ್ಟರನ್ನು ಕೇಳಿ: ಸೀ ಅರ್ಚಿನ್ ಕೊಳ್ಳುವ ಮುಂಚೆ

ಜಯನಗರ ಟ್ಯಾಂಕ್: ನಮಸ್ಕಾರ ಮೇಡಂ. ಅಂಗಡಿಯಲ್ಲಿ ಉದ್ದ ಮುಳ್ಳಿನ ಕಪ್ಪು ಅರ್ಚಿನ್ (ಮೈತುಂಬ ಮುಳ್ಳಿರುವ ದುಂಡನೆಯ ಕಡಲ ಪ್ರಾಣಿ) ನೋಡಿ ಬಂದೆ. ಮೂಲೆಯಲ್ಲಿ ಕೂತಿತ್ತು. ಮುಳ್ಳುಗಳು ಒಂದು ಕಡೆ ವಾಲಿದ್ದವು, ಏಳೆಂಟು ಮರಳಿನ ಮೇಲೆ ಬಿದ್ದಿದ್ದವು. "ನಿನ್ನೆ ತಾನೇ ಬಂದಿದೆ, ಎರಡು ದಿನದಲ್ಲಿ ಎದ್ದೇಳುತ್ತೆ" ಅಂತ ಅರ್ಧ ಬೆಲೆ ಹೇಳಿದ್ರು. ತರಲಾ?

ಡಾಕ್ಟರ್: ಬೇಡ. ತುದಿ ಮುರಿದಿದ್ದರೆ ನಾನು ಹೆದರುತ್ತಿರಲಿಲ್ಲ. ಪ್ಯಾಕಿಂಗಲ್ಲಿ ಮುರಿಯುತ್ತೆ, ಮತ್ತೆ ಬೆಳೆಯುತ್ತೆ. ಬುಡದಿಂದಲೇ ಉದುರಿದರೆ ಬೇರೆ ಮಾತು. ಉದುರಿದ ಜಾಗದಲ್ಲಿ ಸಣ್ಣ ಬೋಳು ಗುಬುಟುಗಳು ಕಾಣುತ್ತವಾ, ನೋಡಿ. ಆಮೇಲೆ ಮುಳ್ಳುಗಳ ಮಧ್ಯೆ ದಾರದಂಥ ಕಾಲುಗಳಿರುತ್ತವೆ. ಆರೋಗ್ಯವಾಗಿದ್ದರೆ ಅವು ಚಾಚಿಕೊಂಡು ಗಾಜನ್ನೋ ಕಲ್ಲನ್ನೋ ಬಿಗಿಯಾಗಿ ಹಿಡಿದಿರುತ್ತವೆ. ಮೇಲಿಂದ ಅಂಗೈ ನೆರಳು ಬೀಳಿಸಿ. ಈ ಜಾತಿ ನೆರಳು ಬಿದ್ದ ಕಡೆಗೆ ಮುಳ್ಳು ತಿರುಗಿಸುತ್ತದೆ. ತಿರುಗಿಸದಿದ್ದರೆ ಅದಕ್ಕೆ ಶಕ್ತಿಯೇ ಉಳಿದಿಲ್ಲ.
2022ರಲ್ಲಿ ಕೆರಿಬಿಯನ್ ಕಡಲಲ್ಲಿ ಇದರ ಹತ್ತಿರದ ಬಳಗದ ಅರ್ಚಿನ್‌ಗಳು ರಾಶಿ ರಾಶಿ ಸತ್ತವು. ಶುರುವಾಗಿದ್ದು ಹೀಗೇ: ಕಾಲಿನ ಹಿಡಿತ ಸಡಿಲ, ಮುಳ್ಳು ವಾಲಿಕೆ, ಆಮೇಲೆ ಉದುರುವುದು. ಕಾರಣ ಒಂದು ಏಕಕೋಶ ಜೀವಿ ಅಂತ ಮರುವರ್ಷ ಗೊತ್ತಾಯಿತು. ನಿಮ್ಮ ಅಂಗಡಿಯದ್ದು ಅದೇ ಅನ್ನುತ್ತಿಲ್ಲ. ಆದರೆ ಈ ಲಕ್ಷಣ ಕಂಡಾಗ ಕಾಯಿಲೆ ಆಗಲೇ ಮುಂದೆ ಹೋಗಿರುತ್ತದೆ. ಮೀನಿಗೆ ತಾಮ್ರದ ಔಷಧಿ ಹಾಕಿದ ನೀರು ಇದೇ ಟ್ಯಾಂಕಿಗೂ ಬರುತ್ತಾ ಅಂತ ತಪ್ಪದೆ ಕೇಳಿ.

ಹಾಸನ ರೀಫ್: ಮೇಡಂ, ನಮ್ಮದರ ನೆತ್ತಿ ಮೇಲೆ ಗುಳ್ಳೆ ಇದೆ, ಸುತ್ತ ಕಿತ್ತಳೆ ಉಂಗುರ. ಸೋಂಕಾ?

ಡಾಕ್ಟರ್: ಅಲ್ಲ. ಅದು ಗುದದ್ವಾರ. ಈ ಜಾತಿಗೆ ಹಾಗೇ ಇರುತ್ತೆ.

ಪುಟ್ಟಕಡಲು: ನನ್ನ ನೀಲಿ ಪಟ್ಟೆಯ ಅರ್ಚಿನ್ ಚಿಪ್ಪು, ಕಲ್ಲು ತಲೆ ಮೇಲೆ ಹೊತ್ತು ತಿರುಗುತ್ತೆ. ಹುಷಾರಿಲ್ವಾ?

ಡಾಕ್ಟರ್: ಹುಷಾರಾಗಿದೆ.

ಸಾಗರ್ ಅಕ್ವಾ: ಫಾರ್ವರ್ಡ್: ಅರ್ಚಿನ್ ಮುಳ್ಳು ಉದುರಿದರೆ ಅರಿಶಿನ ಬೆರೆಸಿದ ಸಿಹಿನೀರಲ್ಲಿ 10 ನಿಮಿಷ ಅದ್ದಿ, ಟ್ಯಾಂಕಿಗೆ ತಾಮ್ರದ ಔಷಧಿ ಹಾಕಿ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರೂ ಮಾಡಬೇಡಿ. ತಾಮ್ರ ಅರ್ಚಿನ್‌ಗೆ ವಿಷ, ಸೀಗಡಿಗೂ ವಿಷ. ಉಪ್ಪಿನಂಶ ಸ್ವಲ್ಪ ಏರುಪೇರಾದರೇ ತಡೆಯದ ಪ್ರಾಣಿಯನ್ನು ಸಿಹಿನೀರಲ್ಲಿ ಅದ್ದಿದರೆ ಉಳಿಯುತ್ತಾ? ದಯವಿಟ್ಟು ಅಳಿಸಿ.

ಸಾಗರ್ ಅಕ್ವಾ: ನಮ್ಮ ಸೋದರಮಾವ ಮಾಡಿದ್ರು, ಬದುಕಿತು.

ಹಾಸನ ರೀಫ್: ಎಷ್ಟು ದಿನ? ಮೇಡಂ ಅಳಿಸಿ ಅಂದ್ರಲ್ವಾ.

ಸಾಗರ್ ಅಕ್ವಾ: ನಿಮ್ಮನ್ನು ಕೇಳಿಲ್ಲ. ಹೋದ ತಿಂಗಳು ಬರೀ ಸಿಹಿನೀರಿನ ಟ್ಯಾಂಕ್ ಇಟ್ಟಿದ್ದವರು ನೀವು.

ಹಾಸನ ರೀಫ್: ಅದಕ್ಕೂ ಇದಕ್ಕೂ ಏನು ಸಂಬಂಧ? ಒಂದು ಜೀವದ ವಿಷಯ ಇದು.

ಕುಮಟಾ ಕರಾವಳಿ: ಜಗಳ ಸಾಕು ಮಾರಾಯ್ರೆ. ಮೇಡಂ, ನಮ್ಮ ಬಂಡೆಗಳಲ್ಲಿ ಸಿಗೋದನ್ನ ಹಿಡಿದು ತಂದು ಸಾಕಬಹುದಾ?

ಮೈಸೂರು ಮೀನು: ಕಪ್ಪು ಅರ್ಚಿನ್ ಈಗ ಎಷ್ಟು ರೇಟು?

ತುಮಕೂರು ನ್ಯಾನೋ: ಮೇಡಂ, ಮುಳ್ಳು ಉದುರಿದ್ರೆ ತರಬಹುದಾ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ತುಮಕೂರು ನ್ಯಾನೋ: ಎರಡೇ ಉದುರಿದ್ರೆ?

ಡಾಕ್ಟರ್: ಕಾಲಿನ ಹಿಡಿತ ನೋಡಿ. ಹಿಡಿದಿಲ್ಲ ಅಂದ್ರೆ ಬೇಡ.

ಪುಟ್ಟಕಡಲು: ಒಳ್ಳೆಯದು ಸಿಕ್ಕರೆ ಮನೆಗೆ ತಂದ ತಕ್ಷಣ ಟ್ಯಾಂಕಿಗೆ ಬಿಡಬಹುದಾ ಮೇಡಂ?

ಡಾಕ್ಟರ್: ಬಿಡಬೇಡಿ. ನಿಮ್ಮ ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಒಂದು ಗಂಟೆಗೂ ಹೆಚ್ಚು ಬೆರೆಸಿ. ಅಂಗಡಿ ನೀರಿನ ಉಪ್ಪಿನಂಶ ಅಳೆದಿರಬೇಕು. ಟ್ಯಾಂಕಿನ ಪಾಚಿ ಖಾಲಿಯಾದ ಮೇಲೆ ನೋರಿ (ಒಣಗಿಸಿದ ಕಡಲ ಪಾಚಿ) ಹಾಳೆ ಕೊಡಿ, ಇಲ್ಲದಿದ್ದರೆ ಹಸಿವಿನಿಂದಲೇ ಸೊರಗುತ್ತದೆ.

ಜಯನಗರ ಟ್ಯಾಂಕ್: ಮೇಡಂ, ಮತ್ತೆ ಹೋಗಿದ್ದೆ. ನೆರಳು ಆಡಿಸಿದೆ, ಒಂದು ಮುಳ್ಳೂ ಅಲ್ಲಾಡಲಿಲ್ಲ. ಬೋಳು ಜಾಗ ನನ್ನ ಹೆಬ್ಬೆರಳಿನಷ್ಟಾಗಿದೆ. ಮೀನಿಗೆ ತಾಮ್ರ ಹಾಕಿದ್ದಾರಂತೆ, ನೀರು ಎಲ್ಲ ಟ್ಯಾಂಕಿಗೂ ಒಂದೇ.

ಡಾಕ್ಟರ್: ಹಾಗಾದರೆ ಈಗಲೇ ಅವರಿಗೆ ಫೋನ್ ಮಾಡಿ. ಅರ್ಚಿನ್ ಉಳಿಯುವುದು ಕಷ್ಟ. ಸೀಗಡಿಗಳನ್ನಾದರೂ ಇವತ್ತೇ ಬೇರೆ ನೀರಿಗೆ ಹಾಕಲಿ.