ಅಪ್‌ಡೇಟ್: ಉಶುವಾಯಾದಿಂದ ಸೇಂಟ್ ಹೆಲೀನಾಗೆ, ಚಿಕ್ಕ ಹಡಗಿನಲ್ಲಿ

ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾ ಊರಿಂದ ಆಫ್ರಿಕಾದ ಪಶ್ಚಿಮಕ್ಕಿರುವ ಸೇಂಟ್ ಹೆಲೀನಾ ದ್ವೀಪಕ್ಕೆ, ಸುಮಾರು ನೂರು ಜನರ ಹಡಗಿನಲ್ಲಿ ದಕ್ಷಿಣ ಅಟ್ಲಾಂಟಿಕ್ ಸಾಗರ ದಾಟಬೇಕು, ವಾಂತಿಗೆ ಏನು ಮಾಡಲಿ, ಸಸ್ಯಾಹಾರ ಸಿಗುತ್ತಾ, ಅಷ್ಟು ದಿನ ಬೇಜಾರಾಗಲ್ವಾ ಅಂತ ಹೊರಡುವ ಮೊದಲು ಇಲ್ಲಿ ಕೇಳಿದ್ದೆ. ಹೋಗಿ ಬಂದೆವು.

ನಡುಭಾಗದಲ್ಲಿ, ಕೆಳಗಿನ ಕ್ಯಾಬಿನ್ ತಗೊಳ್ಳಿ ಅಂದವರಿಗೆ ದೊಡ್ಡ ನಮಸ್ಕಾರ. ಅಲ್ಲಿ ತೂಗಾಟ ಕಡಿಮೆ. ಆದರೂ ಮೊದಲ ಎರಡು ದಿನ ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ನಮ್ಮ ಯಜಮಾನರು ಮಾತ್ರ ಮೂರು ಹೊತ್ತೂ ಉಂಡು ಬಂದು ಏನೇನಿತ್ತು ಅಂತ ವರದಿ ಕೊಡುತ್ತಿದ್ದರು! ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದ್ದು ನನ್ನದೇ ತಪ್ಪು.

ಊಟದ ಚಿಂತೆ ಸುಮ್ನೆ ಮಾಡಿದ್ದೆ. ಮೊದಲೇ ತಿಳಿಸಿದ್ದಕ್ಕೆ ಅನ್ನ, ಬೇಳೆ ಸಿಗುತ್ತಿತ್ತು. ಚಟ್ನಿಪುಡಿ ನಮ್ಮದು. ಅಲೆ ಜಾಸ್ತಿಯಿದ್ದ ದಿನ ತಟ್ಟೆ ಜಾರದಂತೆ ಮೇಜಿಗೆ ಒದ್ದೆ ಬಟ್ಟೆ ಹಾಸುತ್ತಿದ್ದರು.

ಯಾರೂ ಹೇಳದ ವಿಷಯ ಒಂದಿದೆ. ದಾರಿಯಲ್ಲಿ ಸಿಗುವ ಸೌತ್ ಜಾರ್ಜಿಯಾ ದ್ವೀಪದಲ್ಲಿ ಇಳಿಯುವ ಮೊದಲು ಬಟ್ಟೆ, ಬೂಟು, ಬ್ಯಾಗು ಎಲ್ಲಾ ತಪಾಸಣೆ. ಹೊರಗಿನ ಒಂದು ಬೀಜವೂ ದ್ವೀಪಕ್ಕೆ ಹೋಗಬಾರದು. ವೆಲ್ಕ್ರೋಗೆ ಅಂಟಿದ ಹುಲ್ಲನ್ನು ಚಿಮಟದಲ್ಲಿ ಕೀಳುತ್ತಾ ಅರ್ಧ ದಿನ ಹೋಯಿತು. ನನ್ನ ಜೇಬಿನಲ್ಲಿ ಎರಡು ಜೀರಿಗೆ ಕಾಳು ಸಿಕ್ಕಿ ನಗೆಪಾಟಲಾಯಿತು.

ಬೇಜಾರಾ? ಪೂರ್ವಕ್ಕೆ ಹೋಗುವುದರಿಂದ ಗಡಿಯಾರವನ್ನು ಆಗಾಗ ಒಂದು ಗಂಟೆ ಮುಂದಿಡುತ್ತಾರೆ. ಒಟ್ಟು 3 ಗಂಟೆ ನಿದ್ದೆಗೆ ಕತ್ತರಿ. ಉಳಿದಂತೆ ಹಿಂದಿನ ಡೆಕ್‌ನಲ್ಲಿ ನಿಂತು ಆಲ್ಬಟ್ರಾಸ್ ಎಂಬ ಕಡಲಹಕ್ಕಿಗಳನ್ನು ನೋಡುವುದೇ ಕೆಲಸ. ದೊಡ್ಡವು ರೆಕ್ಕೆ ಬಿಚ್ಚಿದರೆ 3 ಮೀಟರ್ ಇರುತ್ತೆ, ಬಡಿಯುವುದೇ ಅಪರೂಪ.

ನಡುಸಾಗರದ ಟ್ರಿಸ್ಟನ್ ಡ ಕುನ್ಹಾ ದ್ವೀಪದಲ್ಲಿ ಮಾತ್ರ ಇಳಿಯಲಾಗಲಿಲ್ಲ. ಅಲೆ ಜೋರು. ಎದುರಿಗೇ ಊರು, ಮನೆಗಳೂ ಕಾಣುತ್ತಿದ್ದವು. ಎರಡು ದಿನ ಕಾದು ಹೊರಟೆವು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.